ಇನ್ನೂ ನೂರು ಅಡಿ ಬಿಡ್ಲಾ, ನಿಲ್ಲಿಸ್ಲಾ?

ಕೋಲಾರದ ಕಡೆ ಬೋರ್‌ವೆಲ್ ಕೊರೆಸಿದ ಪ್ರತಿ ಮನೆಯೂ ಈ ಪ್ರಶ್ನೆಯನ್ನು ಕೇಳಿಸಿಕೊಂಡಿರುತ್ತದೆ. ಎಂಟುನೂರು ಅಡಿ ಆಗಿದೆ. ಬರೀ ಬಿಳಿ ಪುಡಿ ಬರ್ತಿದೆ. ಕಂಪ್ರೆಸರ್ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ತಮಿಳುನಾಡಿನ ತಿರುಚೆಂಗೋಡಿನಿಂದ ಬಂದ, ಕೊರೆಯೋ ಯಂತ್ರ ಹೊತ್ತ ರಿಗ್ ಲಾರಿಯ ಹುಡುಗ ಮಿಷನ್ ಸ್ವಲ್ಪ ತಗ್ಗಿಸಿ, ತನಗೆ ಬರೋ ಅಷ್ಟು ಕನ್ನಡದಲ್ಲಿ ಜಮೀನಿನವರನ್ನು ಕೇಳುತ್ತಾನೆ: "ಅಣ್ಣಾ, ಇನ್ನೂ ನೂರು ಅಡಿ ಬಿಡ್ಲಾ, ನಿಲ್ಲಿಸ್ಲಾ?"

ಕವಲು ಕಥೆ ಬರೆಯೋದನ್ನು ಕಲಿಯಬೇಕು ಅಂತ ಹೊರಟಾಗ ನಾನು ವಿಷಯಕ್ಕಾಗಿ ದೂರ ಹುಡುಕಲಿಲ್ಲ. ಈ ಒಂದು ಪ್ರಶ್ನೆಯಲ್ಲೇ ಎಲ್ಲ ಇತ್ತು. ಎರಡು ದಾರಿ ಇದೆ. ಎರಡಕ್ಕೂ ಬೆಲೆ ಇದೆ. ಉತ್ತರ ಹೇಳೋಕೆ ಸಮಯ ಇಲ್ಲ. ಹೇಳಿದ ಮೇಲೆ ವಾಪಸ್ ತಗೊಳ್ಳೋ ಹಾಗಿಲ್ಲ. ಹ್ಞೂ ಅಂದರೆ ನೂರು ಅಡಿ ಆದಮೇಲೆ ಮತ್ತೆ ಅದೇ ಪ್ರಶ್ನೆ, ಈ ಸಲ ಇನ್ನೂ ಜಾಸ್ತಿ ರೇಟಿಗೆ.

ಕವಲು ಕಥೆ ಅಂದರೆ ಓದುಗರು ದಾರಿ ಆರಿಸಿಕೊಂಡು ಓದುವ ಕಥೆ. ಸ್ವಲ್ಪ ಓದುತ್ತೀರಿ, ಕೊನೆಯಲ್ಲಿ ಎರಡೋ ಮೂರೋ ಆಯ್ಕೆ ಇರುತ್ತವೆ, ಒಂದನ್ನು ಒತ್ತಿದರೆ ಕಥೆ ಆ ಕಡೆ ಹೋಗುತ್ತದೆ. ಅಮೆರಿಕದಲ್ಲಿ 1979ರಲ್ಲಿ ಮಕ್ಕಳಿಗಾಗಿ ಇಂಥ ಪುಸ್ತಕಗಳ ಒಂದು ಮಾಲಿಕೆಯೇ ಶುರುವಾಯಿತು. ಮೊದಲ ಪುಸ್ತಕ ಬರೆದವರು ಎಡ್ವರ್ಡ್ ಪ್ಯಾಕರ್ಡ್. ಮಲಗೋ ಹೊತ್ತಿಗೆ ಹೆಣ್ಣುಮಕ್ಕಳಿಗೆ ಕಥೆ ಹೇಳ್ತಾ ಹೇಳ್ತಾ ಮುಂದೇನು ಅಂತ ತೋಚದೆ, ಮಕ್ಕಳನ್ನೇ ಕೇಳಿದ್ದರಿಂದ ಅವರಿಗೆ ಈ ಯೋಚನೆ ಹುಟ್ಟಿತು. ಆಗ 'ಈ ದಾರಿ ಬೇಕಿದ್ದರೆ ಇಂಥ ಪುಟಕ್ಕೆ ಹೋಗಿ' ಅಂತಿತ್ತು. ಈಗ ಫೋನಿನಲ್ಲಿ ಬೆರಳು ಒತ್ತಿದರೆ ಆಯ್ತು.

ನಾನು ಬಳಸೋದು ಟ್ವೈನ್ ಅನ್ನೋ ತಂತ್ರಾಂಶ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಅದನ್ನು ಹೊರತಂದರು. ದುಡ್ಡು ಕೊಡಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಕನ್ನಡ ಹಾಗೇ ಟೈಪ್ ಮಾಡಬಹುದು. ಕಥೆಯ ಒಂದೊಂದು ತುಣುಕೂ ಪರದೆಯ ಮೇಲೆ ಒಂದೊಂದು ಚೌಕ. ಬರೀತಾ ಬರೀತಾ [[ಇನ್ನೂ ನೂರು ಅಡಿ ಬಿಡಿ]] ಅಂತ ಎರಡೆರಡು ಆವರಣದೊಳಗೆ ಹಾಕಿದರೆ, ಆ ಮಾತೇ ಬಾಗಿಲಾಗುತ್ತದೆ. ಹೊಸ ಚೌಕ ಹುಟ್ಟಿಕೊಂಡು ಅಲ್ಲಿಗೊಂದು ಬಾಣದ ಗೆರೆ ಬರುತ್ತದೆ. ಮುಗಿದ ಕಥೆ ಬ್ರೌಸರ್‌ನಲ್ಲಿ ತೆರೆಯೋ ಒಂದೇ ಒಂದು ಎಚ್‌ಟಿಎಂಎಲ್ ಫೈಲ್. ಪ್ರೋಗ್ರಾಮಿಂಗ್ ಬರದವರೂ ಒಂದು ಸಂಜೆಯಲ್ಲಿ ಇಷ್ಟನ್ನು ಕಲಿಯಬಹುದು.

ಟ್ವೈನ್ ನನಗೆ ಕೊಟ್ಟ ದೊಡ್ಡ ಉಪಕಾರ ಅಂದರೆ ಆ ಚಿತ್ರ. ಬರೆಯೋ ಕೆಲಸ ಒಂದು ಕಡೆ ನಡೀತಿದ್ದರೆ, ಕಥೆಯ ನಕ್ಷೆ ತಾನಾಗಿಯೇ ಮೂಡ್ತಾ ಇರುತ್ತದೆ. ಎಲ್ಲಿ ಕಥೆ ದಪ್ಪ ಆಗಿದೆ, ಎಲ್ಲಿ ಸೊರಗಿದೆ, ಯಾವ ಆಯ್ಕೆ ಸುಮ್ನೆ ಅಲಂಕಾರಕ್ಕೆ ಇದೆ ಅನ್ನೋದು ಕಣ್ಣಿಗೇ ಕಾಣುತ್ತದೆ. ಕಥೆಯ ರಚನೆ ಅನ್ನೋದು ವಿಮರ್ಶಕರ ವಿಷಯ ಅಂದುಕೊಂಡವರು ಒಂದು ಸಲ ಈ ನಕ್ಷೆ ನೋಡಬೇಕು.

ಆ ನಕ್ಷೆಯನ್ನು ಮೊದಲು ಲೆಕ್ಕದಲ್ಲಿ ನೋಡೋಣ. ಪ್ರತಿ ತುಣುಕಿನಲ್ಲಿ ಎರಡು ಆಯ್ಕೆ, ಒಬ್ಬ ಓದುಗ ಹತ್ತು ಸಲ ಆಯ್ಕೆ ಮಾಡುತ್ತಾನೆ ಅಂತಿಟ್ಟುಕೊಳ್ಳಿ. ಪ್ರತಿ ದಾರಿಯನ್ನೂ ಬೇರೆಯಾಗಿಯೇ ಬರೀತೀನಿ ಅಂದರೆ 1,024 ಅಂತ್ಯಗಳು ಬೇಕು. ಒಟ್ಟು ತುಣುಕುಗಳು 2,047. ತುಣುಕಿಗೆ 150 ಪದ ಅಂದರೆ ಮೂರು ಲಕ್ಷ ಪದ ದಾಟುತ್ತದೆ. ಒಬ್ಬ ಓದುಗ ಅದರಲ್ಲಿ ಓದೋದು ಹನ್ನೊಂದು ತುಣುಕು, 1,650 ಪದ! ಮಿಕ್ಕಿದ್ದೆಲ್ಲ ಅವನ ಪಾಲಿಗೆ ಇಲ್ಲವೇ ಇಲ್ಲ.

ಸ್ಯಾಮ್ ಕಾಬೊ ಆಶ್‌ವೆಲ್ ಅನ್ನೋರು 2015ರಲ್ಲಿ ಇಂಥ ಕಥೆಗಳ ನಕ್ಷೆಗಳನ್ನು ಗಮನಿಸಿ, ಅವುಗಳ ಮಾದರಿಗಳಿಗೆ ಹೆಸರು ಕೊಟ್ಟು ವಿಂಗಡಿಸಿದರು. ಕವಲೊಡೀತಾನೇ ಹೋಗಿ ಎಲ್ಲೂ ಸೇರದ ಈ ಮಾದರಿಗೆ ಅವರು ಇಟ್ಟ ಹೆಸರು 'ಟೈಮ್ ಕೇವ್'. ಪ್ಯಾಕರ್ಡ್ ಬರೆದ, ಆ ಮಾಲಿಕೆಯ ಮೊದಲ ಪುಸ್ತಕ 'ದಿ ಕೇವ್ ಆಫ್ ಟೈಮ್' ಹೆಸರಿನಿಂದಲೇ ಅದು ಬಂದದ್ದು. ಒಂದೇ ಉದ್ದ ದಾರಿ, ತಪ್ಪಿ ಹೆಜ್ಜೆ ಇಟ್ಟರೆ ಸಾವು ಅಥವಾ ಮುಕ್ತಾಯ, ಅದು 'ಗಾಂಟ್ಲೆಟ್'. ನನಗೆ ಕೆಲಸಕ್ಕೆ ಬಂದದ್ದು 'ಬ್ರಾಂಚ್ ಅಂಡ್ ಬಾಟಲ್‌ನೆಕ್'. ಇಲ್ಲಿ ದಾರಿಗಳು ಬೇರೆಯಾಗುತ್ತವೆ, ಒಂದು ದೊಡ್ಡ ಘಟನೆಯ ಹತ್ತಿರ ಮತ್ತೆ ಸೇರುತ್ತವೆ, ಮತ್ತೆ ಬೇರೆಯಾಗುತ್ತವೆ. ಮೇಲಿನ ಲೆಕ್ಕವನ್ನೇ ಈ ಮಾದರಿಗೆ ಹಾಕಿ ನೋಡಿ. ಹತ್ತು ಸಲ ಎರಡಾಗಿ ಒಡೆದು ಹತ್ತು ಸಲ ಸೇರಿದರೆ ಬರೆಯಬೇಕಾದ ತುಣುಕುಗಳು ಬರೀ 31. ಆದರೆ ಮೊದಲಿಂದ ಕೊನೆವರೆಗೆ ಹೋಗೋ ದಾರಿಗಳು ಅದೇ 1,024.

ಹಾಗಾದರೆ ಇದು ಓದುಗರಿಗೆ ಮೋಸ ಅಲ್ವಾ, ಏನು ಆರಿಸಿದರೂ ಅಲ್ಲಿಗೇ ಬರ್ತೀವಲ್ಲ ಅಂತ ಯಾರಾದರೂ ಕೇಳಬಹುದು. ನಾನೂ ಇದನ್ನು ತುಂಬ ಯೋಚಿಸಿದ್ದೇನೆ. ನಮ್ಮ ಕಡೆಯ ಕೆರೆ ಸಾಲು ನೋಡಿದವರಿಗೆ ಇದು ಅರ್ಥ ಆಗುತ್ತದೆ. ವರ್ಷವಿಡೀ ಹರಿಯೋ ನದಿ ಇಲ್ಲದ ಸೀಮೆ ನಮ್ಮದು. ಹಿಂದಿನವರು ಕೆರೆಗೆ ಕೆರೆ ಜೋಡಿಸಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಎರಡು ಮೂರು ಊರಿನ ಕಾಲುವೆಗಳು ಬಂದು ಒಂದೇ ಕೆರೆ ಸೇರುತ್ತವೆ. ಆದರೆ ಬೇಸಿಗೆಯಲ್ಲಿ ಗೋಡು (ಕೆರೆಯ ಹೂಳು) ಹೊಡೆಯೋಕೆ ಹೋದವರನ್ನು ಕೇಳಿ. ಈ ಮೂಲೆಯದು ಕೆಂಪು ಮಣ್ಣು, ಆ ಮೂಲೆಯದು ಮರಳು ಮಿಶ್ರ ಅಂತ ಹೇಳುತ್ತಾರೆ. ಯಾವ ದಾರಿಯಲ್ಲಿ ಬಂದ ನೀರು ಏನು ಹೊತ್ತು ತಂತು ಅನ್ನೋದು ಕೆರೆಯ ತಳದಲ್ಲಿ ಉಳಿದಿರುತ್ತದೆ. ದಾರಿಗಳು ಸೇರಬಾರದು ಅಂತೇನಿಲ್ಲ. ಸೇರಿದ ಮೇಲೆ ಕಥೆ ಮರೆಯಬಾರದು ಅಷ್ಟೇ.

ಇದೇ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಅಂತ ನನ್ನ ನಂಬಿಕೆ. ಕವಲು ಕಥೆಯ ಜೀವ ಇರೋದು ಕವಲುಗಳ ಸಂಖ್ಯೆಯಲ್ಲಿ ಅಲ್ಲ, ಕಥೆ ಏನನ್ನು ನೆನಪಿಟ್ಟುಕೊಳ್ಳುತ್ತದೆ ಅನ್ನೋದರಲ್ಲಿ.

ಟ್ವೈನ್‌ನಲ್ಲಿ ಈ ನೆನಪಿಗೆ ವೇರಿಯಬಲ್ ಬಳಸುತ್ತಾರೆ, ಅಂದರೆ ಒಂದು ಸಂಗತಿಯನ್ನು ಹಾಕಿಟ್ಟುಕೊಳ್ಳೋ ಹೆಸರಿನ ಡಬ್ಬಿ. ನನ್ನ ಬೋರ್‌ವೆಲ್ ಕಥೆಯಲ್ಲಿ ಓದುಗರು ಕೊರೆಸೋ ಮನೆಯ ಮಗಳೋ ಮಗನೋ. ಅದು ಕೆಲವೇ ಸಂಗತಿಗಳನ್ನು ನೆನಪಿಡುತ್ತದೆ. ಸಾಲ ಎಷ್ಟಾಯಿತು. ಅಮ್ಮನ ಸರ ಗಿರವಿಗೆ ಹೋಯಿತಾ ಇಲ್ಲವಾ. ಪಾಯಿಂಟ್, ಅಂದರೆ ಕೊರೆಯೋ ಜಾಗ, ಗುರುತು ಮಾಡಿದ್ದು ಕೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡೋರಾ, ಮೀಟರ್ ತಂದ ಭೂವಿಜ್ಞಾನದವರಾ. ಇನ್ನೊಂದು, ಎಲ್ಲಕ್ಕಿಂತ ಭಾರವಾದದ್ದು: ನೆರೆದವರ ಮುಂದೆ ಅಪ್ಪನ ಮಾತಿಗೆ ಎದುರು ಮಾತಾಡಿದೆಯಾ, ಸುಮ್ಮನಿದ್ದೆಯಾ.

ರಾತ್ರಿ ಏನೇ ಆಗಿದ್ದರೂ, ಕೊರೆಸಿದ ದಾರಿಯ ಎಲ್ಲ ಓದುಗರೂ ಒಂದೇ ಬೆಳಗಿಗೆ ಬರುತ್ತಾರೆ. ಆ ತುಣುಕು ಶುರುವಾಗೋದು ಹೀಗೆ:

"ರಿಗ್ ಗಾಡಿ ಹೋದ ಜಾಗದಲ್ಲಿ ಹೊಲ ಬೆಳ್ಳಗೆ ಕಾಣ್ತಿತ್ತು. ಅಪ್ಪ ಮುಖ ತೊಳ್ಕೊಂಡು ಬಂದು ಟವೆಲ್ ಹೆಗಲಿಗೆ ಹಾಕ್ಕೊಂಡ. ಅಮ್ಮ ಕಾಫಿ ತಂದಳು."

ಇಲ್ಲಿಂದ ಮುಂದೆ ಒಂದೊಂದು ಸಾಲು ಬದಲಾಗುತ್ತದೆ. ಸರ ಗಿರವಿಗೆ ಹೋಗಿದ್ದರೆ: "ಲೋಟ ಕೊಡೋಕೆ ಬಗ್ಗಿದಾಗ ಸೆರಗನ್ನು ಕೊರಳ ತನಕ ಎಳ್ಕೊಂಡಳು." ಎದುರು ಮಾತಾಡಿದ್ದರೆ: "ಅಪ್ಪ ಲೋಟ ತಗೊಂಡು ಜಗಲಿಗೆ ಹೋದ." ಕೊನೆವರೆಗೂ ಸುಮ್ಮನಿದ್ದರೆ ಅಪ್ಪ ಅಲ್ಲೇ ಕೂತು ಒಂದು ಮಾತು ಹೇಳುತ್ತಾನೆ: "ನೀನಾದ್ರೂ ಒಂದು ಮಾತು ಹೇಳ್ಬೋದಿತ್ತು."

ಅದೇ ಬೆಳಗು, ಅದೇ ಕಾಫಿ. ಆದರೆ ಬೇರೆ ದಾರಿಯಲ್ಲಿ ಬಂದ ಇಬ್ಬರು ಓದಿದ್ದು ಒಂದೇ ಕಥೆ ಅಂತ ಹೇಳೋಕಾಗಲ್ಲ. ಇದಕ್ಕೆ ಸಾವಿರ ಅಂತ್ಯ ಬೇಕಾಗಲಿಲ್ಲ, ಮೂರು ಸಾಲು ಸಾಕಾಯಿತು.

ಆಯ್ಕೆಯನ್ನು ಯಾರ ಕೈಗೆ ಕೊಡಬೇಕು ಅನ್ನೋದು ಇನ್ನೊಂದು ಪ್ರಶ್ನೆ. ಇದನ್ನು ಕಲಿಯೋಕೆ ನಾನು ನಮಗೆಲ್ಲ ಬಾಯಿಪಾಠ ಇರೋ ಪುಣ್ಯಕೋಟಿಯ ಕಥೆಯನ್ನು ಬಿಡಿಸಿ ನೋಡಿದೆ. ಒಂದು ಹಾಳೆಯಲ್ಲಿ ಘಟನೆಗಳನ್ನು ಬರೆದು, ಎಲ್ಲೆಲ್ಲಿ ಯಾರು ಬೇರೆ ಥರ ಮಾಡಬಹುದಿತ್ತು ಅಂತ ಗುರುತು ಹಾಕುತ್ತಾ ಹೋದೆ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಜನಪದ ಕಥೆಗಳನ್ನು, ಪಾತ್ರಗಳ ಹೆಸರು ಬಿಟ್ಟು ಅವು ಮಾಡುವ ಕೆಲಸಗಳನ್ನಷ್ಟೇ ಹಿಡಿದು ವಿಶ್ಲೇಷಿಸಿದ್ದರು. ನನ್ನದೂ ಅದೇ ದಾರಿಯ ಸಣ್ಣ ಪ್ರಯತ್ನ.

ಮೊದಲು ಕಣ್ಣಿಗೆ ಬೀಳೋ ಕವಲು ದೊಡ್ಡಿಯಲ್ಲಿದೆ. ಕರುವಿಗೆ ಹಾಲು ಕುಡಿಸಿ ಆಯ್ತು. ಹುಲಿ ಹತ್ತಿರ ವಾಪಸ್ ಹೋಗಬೇಕಾ, ಇಲ್ಲೇ ಉಳಿಯಬೇಕಾ? ಕರು ಬೇಡ ಅನ್ನುತ್ತದೆ. ಆದರೆ ಈ ಆಯ್ಕೆಯನ್ನು ಓದುಗರ ಮುಂದಿಟ್ಟರೆ ಏನೂ ಆಗುವುದಿಲ್ಲ. ಎಲ್ಲರೂ 'ಹೋಗು' ಅಂತಲೇ ಒತ್ತುತ್ತಾರೆ, ಸರಿ ಉತ್ತರ ಯಾವುದು ಅಂತ ಎಲ್ಲರಿಗೂ ಗೊತ್ತು. ಕಥೆಯೊಳಗೂ ಅಷ್ಟೇ. ಪುಣ್ಯಕೋಟಿಯ ಮನಸ್ಸು ಒಂದು ಗಳಿಗೆಯೂ ಅಲ್ಲಾಡುವುದಿಲ್ಲ. ಅವಳ ದೊಡ್ಡತನ ಇರೋದೇ ಅಲ್ಲಿ. ಅಲ್ಲಾಡದ ಮನಸ್ಸಿನ ಜಾಗದಲ್ಲಿ ಕವಲು ಇಟ್ಟರೆ ಕಥೆ ಹಾಳಾಗುತ್ತದೆ.

ಹಾಳೆಯನ್ನು ಮತ್ತೆ ನೋಡಿದರೆ, ನಿಜವಾಗಿ ತೀರ್ಮಾನ ಮಾಡ್ತಾ ಇರೋದು ಹುಲಿ. ಹಸಿದ ಹೊಟ್ಟೆಯಲ್ಲಿ ಸಿಕ್ಕ ಹಸುವನ್ನು ನಂಬಿ ಬಿಡೋದು ಹುಲಿಯ ತೀರ್ಮಾನ. ಅವಳು ಬಂದು ಮುಂದೆ ನಿಂತಾಗ ತಿನ್ನದೇ ಇರೋದೂ ಹುಲಿಯದೇ. ಕೊನೆಗೆ ಪ್ರಾಣ ಬಿಡೋದೂ ಅದೇ. ಶುರುವಿನಲ್ಲಿ ಇದ್ದ ಹಾಗೆ ಕೊನೆಯಲ್ಲಿ ಇಲ್ಲದಿರೋ ಪಾತ್ರ ಅದೊಂದೇ. ಈ ಕಥೆಯನ್ನು ಯಾರಾದರೂ ಕವಲು ಕಥೆ ಮಾಡೋದಾದರೆ ಓದುಗರನ್ನು ಹುಲಿಯ ಜಾಗದಲ್ಲಿ ಕೂರಿಸಬೇಕು. ಹಸಿವನ್ನು ಮೊದಲು ಅವರಿಗೆ ಚೆನ್ನಾಗಿ ಅನುಭವಕ್ಕೆ ತರಬೇಕು, ಆಮೇಲೆ ಆ ಹಸುವಿನ ಮಾತು ಕೇಳಿಸಬೇಕು. ಆಗ ಒತ್ತೋ ಎರಡು ಗುಂಡಿಗೂ ತೂಕ ಬರುತ್ತದೆ.

ಇದೇ ಕಣ್ಣಲ್ಲಿ ನನ್ನ ಬೋರ್‌ವೆಲ್ ಕಥೆ ನೋಡಿದೆ. ಕೊರೆಸಬೇಕಾ ಬೇಡವಾ ಅನ್ನೋ ಅಧಿಕಾರ ಹಳ್ಳಿಯ ಮನೆಯಲ್ಲಿ ಅಪ್ಪನದು. ಓದುಗರು ಬೆಂಗಳೂರಿನಿಂದ ಊರಿಗೆ ಬಂದಿರೋ ದೊಡ್ಡ ಮಗಳೋ ಮಗನೋ. ಅವರು ಗಾಡಿ ನಿಲ್ಲಿಸೋಕಾಗಲ್ಲ, ಮಾತಾಡಬಹುದು ಅಷ್ಟೇ. ಅದಕ್ಕೇ ಗುಂಡಿಗಳ ಮೇಲೆ 'ನಿಲ್ಲಿಸು', 'ಬಿಡು' ಅಂತ ಇಲ್ಲ. 'ಸಾಕು ಅಪ್ಪ ಅನ್ನು', 'ಅಮ್ಮನ ಮುಖ ನೋಡು', 'ಸುಮ್ನಿರು' ಅಂತಿದೆ. ಕೊನೆ ತೀರ್ಮಾನ ಅಪ್ಪನದೇ. ಆದರೆ ಅಪ್ಪ ಏನು ತೀರ್ಮಾನ ಮಾಡ್ತಾನೆ ಅನ್ನೋದು ಅಲ್ಲಿವರೆಗೆ ನೀವು ಆಡಿದ ಮಾತಿನ ಮೇಲೆ ನಿಂತಿದೆ. ಓದಿದ ಕೆಲವರು 'ನಮಗೆ ಇನ್ನೂ ಹಿಡಿತ ಬೇಕು' ಅಂದರು. ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಅಷ್ಟು ಹಿಡಿತ ಆ ಮನೆಯಲ್ಲಿ ಯಾರಿಗೂ ಇಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಇಂಥ ಕಥೆಗಳಲ್ಲಿ ಓದುಗರೇ ಪಾತ್ರ ಆಗಿರೋದರಿಂದ ಅವರು ಗಂಡೋ ಹೆಣ್ಣೋ ಅನ್ನೋ ತೊಡಕು ಬರುತ್ತದೆ. ಕನ್ನಡ ಇಲ್ಲಿ ತುಂಬ ಅನುಕೂಲ ಮಾಡಿಕೊಟ್ಟಿದೆ. 'ನಾನು ಹೋದೆ', 'ನೀನು ಹೋದೆ', ಎರಡಕ್ಕೂ ಕ್ರಿಯಾಪದ ಒಂದೇ, ಲಿಂಗದ ಗುರುತೂ ಇಲ್ಲ. 'ನಾನು', 'ನೀನು' ಎರಡನ್ನೂ ಬಿಟ್ಟು ಬರೀ "ಗೇಟು ತೆಗೆದು ಒಳಗೆ ಹೋದೆ" ಅಂತ ಬರೆದರೆ ಹೇಳ್ತಿರೋದು ಕಥೆಗಾರನೋ ಓದುಗನೋ ಅನ್ನೋ ಭೇದವೇ ಹೋಗಿಬಿಡುತ್ತದೆ. ಇಡೀ ಕಥೆಯನ್ನು ನಾನು ಹೀಗೆ ಭೂತಕಾಲದಲ್ಲೇ ಬರೆದೆ. ಆದರೆ ಬೇರೆಯವರು ಕರೆಯೋವಾಗ ತಪ್ಪಿಸಿಕೊಳ್ಳೋ ಹಾಗಿಲ್ಲ. ನಮ್ಮಲ್ಲಿ ಯಾರೂ ಮಾತಿನ ಕೊನೆಗೆ ಅಮ್ಮನೋ ಅಪ್ಪನೋ ಸೇರಿಸದೆ ಮಾತಾಡಿಸುವುದಿಲ್ಲ. ಅದಕ್ಕೆ ಕಥೆಯ ಮೊದಲ ಆಯ್ಕೆಯನ್ನೇ ಅಲ್ಲಿಟ್ಟೆ. ಬಸ್ ಇಳಿದ ಕೂಡಲೇ ಅಂಗಡಿ ಹತ್ತಿರ ಕೂತಿದ್ದ ಅತ್ತೆ ಮಾತಾಡಿಸುತ್ತಾರೆ. "ಯಾವಾಗ ಬಂದ್ಯಮ್ಮಾ?" ಒಂದು ಗುಂಡಿ, "ಯಾವಾಗ ಬಂದ್ಯಪ್ಪಾ?" ಇನ್ನೊಂದು. ಯಾವ ಮಾತು ತಮ್ಮದು ಅಂತ ಓದುಗರು ಒತ್ತಿದರೆ ಮುಂದೆಲ್ಲ ಅದೇ ಉಳಿಯುತ್ತದೆ.

ಇನ್ನು ನೆಲದಡಿಯ ನೀರಿನ ವಿಷಯ. ಇದರಲ್ಲಿ ನನಗೆ ಹಟ ಇದೆ.

ಟ್ವೈನ್‌ನಲ್ಲಿ ಅದೃಷ್ಟಕ್ಕೆ ಬಿಡೋ ವ್ಯವಸ್ಥೆಯೂ ಇದೆ. ಒಂದು ಸಣ್ಣ ಆದೇಶ ಬರೆದರೆ ನೀರು ಒಂದು ಸಲ ಬೀಳುತ್ತೆ, ಒಂದು ಸಲ ಬೀಳಲ್ಲ. ಬೋರ್‌ವೆಲ್ ಅಂದರೇ ಅದೃಷ್ಟ, ಹಾಗೇ ಬರೆಯಬಹುದಲ್ಲ ಅನ್ನಿಸಬಹುದು. ಆದರೆ ನೆಲದ ಕೆಳಗೆ ನಡೆಯೋದು ಹಾಗಲ್ಲ. ನಮ್ಮ ಕಡೆ ಇರೋದು ಗ್ರಾನೈಟ್, ನೈಸ್ (gneiss) ಥರದ ಗಟ್ಟಿ ಬಂಡೆ. ಬಂಡೆಯೊಳಗೆ ನೀರು ತುಂಬಿಕೊಂಡಿರುವುದಿಲ್ಲ, ಅದರ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಕೊರೆದ ತೂತು ಆ ಬಿರುಕನ್ನು ಮುಟ್ಟಿದರೆ ನೀರು, ಮುಟ್ಟದಿದ್ದರೆ ಪುಡಿ. ಅದಕ್ಕೇ ಪಕ್ಕದ ಹೊಲದಲ್ಲಿ ಎರಡಿಂಚು ನೀರು ಬಿದ್ದರೂ ಬದುವಿನ ಈಚೆ ಏನೂ ಇರುವುದಿಲ್ಲ. ನಮಗೆ ಗೊತ್ತಿಲ್ಲ ಅಷ್ಟೇ. ನೆಲದೊಳಗೆ ಏನಿದೆ ಅನ್ನೋದು ಗಾಡಿ ಬರೋಕೆ ಮುಂಚೆಯೇ ತೀರ್ಮಾನ ಆಗಿದೆ.

ಹಾಗಾಗಿ ನಾನು ಕಥೆ ಬರೆಯೋಕೆ ಮುಂಚೆಯೇ ಆ ಹೊಲದ ನೆಲವನ್ನು ಹಾಳೆಯ ಮೇಲೆ ಬರೆದಿಟ್ಟೆ. ಹುಣಸೆ ಮರದ ಪಕ್ಕದ ಪಾಯಿಂಟಿನಲ್ಲಿ 940 ಅಡಿಗೆ ಒಂದೂವರೆ ಇಂಚು ನೀರಿದೆ. ಬದುವಿನ ಹತ್ತಿರದ ಪಾಯಿಂಟಿನಲ್ಲಿ ಎಷ್ಟು ಆಳ ಹೋದರೂ ಇಲ್ಲ. ಓದುಗರು ಎಷ್ಟು ಒಳ್ಳೆಯವರಾದರೂ, ಎಷ್ಟು ಧೈರ್ಯವಂತರಾದರೂ ಇದು ಬದಲಾಗುವುದಿಲ್ಲ. ಒಳ್ಳೆ ಮಾತಾಡಿದವರ ಹೊಲದಲ್ಲಿ ನೀರು ಬೀಳೋ ಕಥೆ ಬರೆಯೋಕೆ ನನಗೆ ಮನಸ್ಸಾಗುವುದಿಲ್ಲ. ಸಾವಿರ ಅಡಿ ಕೊರೆಸಿ ಖಾಲಿ ಕೈಲಿ ನಿಂತವರು ಏನೋ ತಪ್ಪು ಮಾಡಿದ್ದರು ಅಂತ ಆ ಕಥೆ ಹೇಳಿದ ಹಾಗಾಗುತ್ತದೆ.

ನೀರು ಸಿಕ್ಕಿತು ಅಂದರೆ ಗೆದ್ದ ಹಾಗೂ ಅಲ್ಲ. ಅಷ್ಟು ಆಳದ ನೀರಿನಲ್ಲಿ ನಮ್ಮ ಕಡೆ ಫ್ಲೋರೈಡ್ ತೊಂದರೆ ಇದೆ. 940 ಅಡಿ ತನಕ ಹೋದವರ ಸಾಲ ಏನಾಗಿರುತ್ತದೆ ಅನ್ನೋದನ್ನೂ ಕಥೆ ಮರೆಯುವುದಿಲ್ಲ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರೋಕೆ ಶುರುವಾಯಿತು. ಅಂಥ ಕೆರೆಯ ಅಕ್ಕಪಕ್ಕದಲ್ಲಿ ಬೋರ್‌ಗಳಿಗೆ ಜೀವ ಬಂದದ್ದೂ ಇದೆ. ನನ್ನ ಕಥೆಯ ಊರಿಗೆ ಆ ನೀರು ಬಂದಿಲ್ಲ. ಪಕ್ಕದ ಊರಿಗೆ ಬಂದಿದೆ. ಅಪ್ಪನ ಆಸೆಗೆ ಅದೇ ಒಂದು ಕಾರಣ.

ನಮ್ಮ ಬೀದಿಯಲ್ಲಿ ಟೊಮೆಟೊ ಬೆಳೆಯೋ ಮಾವ ಒಬ್ಬರಿದ್ದಾರೆ. ಬೋರ್ ಕೊರೆಸಿ ಗೆದ್ದದ್ದೂ ಸೋತದ್ದೂ ಎರಡೂ ಅವರಿಗೆ ಗೊತ್ತು. ಅವರ ಕೈಗೆ ಫೋನ್ ಕೊಟ್ಟು ಕಥೆ ಓದಿ ಅಂದೆ. ಕನ್ನಡಕ ಹಾಕಿಕೊಂಡು ಸರಸರ ಒತ್ತುತ್ತಾ ಹೋದರು. ಎಂಟುನೂರು ಅಡಿಯ ಪ್ರಶ್ನೆ ಬಂದಾಗ ಬೆರಳು ನಿಂತಿತು. ಫೋನ್ ಕೆಳಗಿಟ್ಟರು.

"ಕೇಸಿಂಗ್ ಪೈಪ್ ಎಷ್ಟು ಅಡಿಗೆ ನಿಲ್ಲಿಸಿದಾರೆ?" ಅಂತ ನನ್ನನ್ನೇ ಕೇಳಿದರು. "ಪುಡಿ ಯಾವ ಬಣ್ಣ ಬರ್ತಾ ಇದೆ? ಒಣಗಿದೆಯಾ, ಸ್ವಲ್ಪ ತೇವ ಇದೆಯಾ? ಪಕ್ಕದ ಹೊಲದೋರಿಗೆ ಎಷ್ಟಕ್ಕೆ ಬಿತ್ತು? ಇದೆಲ್ಲ ಹೇಳ್ದೆ ಬಿಡ್ಲಾ ನಿಲ್ಲಿಸ್ಲಾ ಅಂದ್ರೆ ಏನಂತ ಹೇಳೋದು?"

ಕವಲು ಕಥೆಯ ಬಗ್ಗೆ ನಾನು ಓದಿದ ಪಾಠಗಳೆಲ್ಲ ಒಂದು ಕಡೆ, ಮಾವನ ಈ ಪ್ರಶ್ನೆಗಳು ಒಂದು ಕಡೆ. ಏನೂ ತಿಳಿಸದೆ ಎಡಕ್ಕೆ ಹೋಗ್ತೀಯಾ ಬಲಕ್ಕೆ ಹೋಗ್ತೀಯಾ ಅಂತ ಕೇಳೋದು ಆಯ್ಕೆ ಅಲ್ಲ. ಎಲ್ಲ ತಿಳಿಸಿ ಕೇಳಿದರೂ ಆಯ್ಕೆ ಅಲ್ಲ, ಅದು ಬರೀ ಲೆಕ್ಕ. ಅರ್ಧ ತಿಳಿದು, ಇನ್ನರ್ಧ ಕತ್ತಲಲ್ಲಿದ್ದು, ಆದರೂ ಹೇಳಲೇಬೇಕು ಅನ್ನೋ ಕಡೆ ಮನುಷ್ಯ ಏನು ಅನ್ನೋದು ಗೊತ್ತಾಗುತ್ತದೆ. ಈಗ ನನ್ನ ಕಥೆಯಲ್ಲಿ ಆ ಪ್ರಶ್ನೆಗೆ ಮುಂಚೆ ನೀವು ಪುಡಿ ಕೈಗೆ ತಗೊಂಡು ಉಜ್ಜಿ ನೋಡಬಹುದು. ಪಕ್ಕದ ಹೊಲದವರನ್ನು ಎಬ್ಬಿಸಿ ಕೇಳಬಹುದು. ರಿಗ್ ಹುಡುಗನ ಜೊತೆ ಮಾತಾಡಬಹುದು. ಆದರೆ ಎಲ್ಲವನ್ನೂ ಮಾಡೋಕೆ ಹೊತ್ತಿಲ್ಲ. ಗಾಡಿ ಕಾಯುವುದಿಲ್ಲ. ಯಾವುದನ್ನು ತಿಳಿದುಕೊಳ್ಳೋಕೆ ಹೋದೆ ಅನ್ನೋದೇ ಒಂದು ಆಯ್ಕೆ ಆಯಿತು.

ಮಾವ ಎರಡನೇ ಸಲ ಓದಿದಾಗ ಯಾವ ಪಾಯಿಂಟಿನಲ್ಲಿ ನೀರಿದೆ ಅಂತ ಅವರಿಗೆ ಗೊತ್ತಿತ್ತು. ಆದರೂ 'ಕೊರೆಸುವುದೇ ಬೇಡ ಅನ್ನು' ಅನ್ನೋದನ್ನು ಒತ್ತಿದರು. "ಇದು ಹೆಂಗಿರತ್ತೆ ನೋಡಾಣ" ಅಂದರು.

ಈ ಕವಲನ್ನು ನಾನು ಬೇಕಂತಲೇ ಎಲ್ಲಕ್ಕಿಂತ ಉದ್ದ ಮಾಡಿದ್ದೇನೆ. ಬೇಡ ಅಂದವರ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸೋದು ಸುಲಭ. 'ನೀವು ಕೊರೆಸಲಿಲ್ಲ, ಬೆಳೆ ಒಣಗಿತು, ಮುಕ್ತಾಯ.' ಆದರೆ ಬೇಡ ಅಂದ ಮೇಲೂ ಆ ಮನೆಯಲ್ಲಿ ಮಾರನೇ ದಿನ ಬೆಳಗಾಗುತ್ತದೆ. ನರ್ಸರಿಯಲ್ಲಿ ಹೇಳಿಟ್ಟ ಸಸಿ ಏನು ಮಾಡೋದು? ಹಾಸಿದ ಡ್ರಿಪ್ ಪೈಪನ್ನು ಯಾರಿಗೆ ಕೊಡೋದು? ಮಳೆ ನಂಬಿ ರಾಗಿ ಹಾಕಿ ಜೊತೆಗೆ ಅವರೆ ಸಾಲು ಬಿಡೋದಾ? ಎರಡು ಹಸು ಇದ್ದರೆ ಡೈರಿ ಹಾಲಿನ ದುಡ್ಡಲ್ಲಿ ಮನೆ ನಡೆಯುತ್ತಾ? ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರೋದು ಯಾರು, ನೀನಾ, ತಮ್ಮನಾ? ಇಲ್ಲಿ ಆಯ್ಕೆಗಳು ಸಣ್ಣವು, ಆದರೆ ದಿನಾ ಇವೆ. ನಕ್ಷೆಯಲ್ಲಿ ನೋಡಿದರೆ ಈ ಭಾಗದಲ್ಲಿ ಚೌಕಗಳು ಚಿಕ್ಕವಾಗಿ, ಹತ್ತಿರ ಹತ್ತಿರ ಇವೆ.

ಆ ದಾರಿಯಲ್ಲೇ ಒಂದು ಕಡೆ ಪೇಟೆ ಬೆಲೆ ಏರುತ್ತದೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದೇ ಟೊಮೆಟೊವನ್ನು ಕೇಳೋರಿಲ್ಲದೆ ರಸ್ತೆಗೆ ಸುರಿದ ವರ್ಷಗಳನ್ನೂ ನೋಡಿದ್ದೇವೆ. ಕೊರೆಸದೇ ಇದ್ದ ಮನೆಯ ಮುಂದೆ, ಕೊರೆಸಿ ಗೆದ್ದ ಪಕ್ಕದ ಮನೆಯವರ ಟೆಂಪೊ ಬಾಕ್ಸ್ ತುಂಬಿಸಿಕೊಳ್ಳೋಕೆ ನಿಂತಿದೆ. ಅಪ್ಪ ಜಗಲಿಯಿಂದ ನೋಡ್ತಿದ್ದಾನೆ.

ಸದ್ಯ ನಾನು ಬರೀತಿರೋದು ಈ ತುಣುಕು. ಎರಡು ಆಯ್ಕೆ ಇಟ್ಟಿದ್ದೇನೆ: 'ಹೋಗಿ ಬಾಕ್ಸ್ ಎತ್ತಿಕೊಡು', 'ಅಪ್ಪನ ಪಕ್ಕ ಕೂರು'. ಮಾವನಿಗೆ ತೋರಿಸಿದೆ. ಎರಡೂ ಸರಿ ಇದೆ, ಆದರೆ ಅಪ್ಪನೇ ಎದ್ದು ಹೋಗಿ ಬಾಕ್ಸ್ ಎತ್ತೋಕೆ ಶುರು ಮಾಡಿದರೆ ನೀನೇನು ಮಾಡ್ತೀಯ ಅಂತ ಕೇಳಿದರು. ಈಗ ಅದಕ್ಕೆ ಹೊಸ ಚೌಕ ಹಾಕಿದ್ದೇನೆ. ಈ ವಾರ ಅದನ್ನು ಬರೀಬೇಕು.